ಸ್ವಲ್ಪ ಇತ್ತ ಸರಿಸಿ, ಮಾರಾಯರೇ

ಮುಂಬಯಿಯ ಮುಲುಂಡಿನ ಹಳೆಯ ಹೌಸಿಂಗ್ ಸೊಸೈಟಿಗಳಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿನ ನೋಟಿಸು ಅಂಟಿಸಿದ ಕ್ಷಣದಿಂದ ನಾಲ್ಕೂ ಮಹಡಿಯವರು ಎಂಜಿನಿಯರ್, ವಕೀಲರಾಗಿಬಿಡುತ್ತಾರೆ. ಕಾರ್ಪೆಟ್ ಏರಿಯಾ (ಮನೆಯ ಗೋಡೆಗಳೊಳಗಿನ ನೆಲದ ಅಳತೆ), ಕಾರ್ಪಸ್ ಫಂಡ್ (ಬಿಲ್ಡರ್ ಕೊಡುವ ಇಡಿಗಂಟು) ಬೆರೆಸದೆ ಯಾರೂ ಚಹಾ ಕುಡಿಯುವುದಿಲ್ಲ. ಇಂಥವರ ನಡುವೆ ಕಂಪ್ಯೂಟರ್ ಬಲ್ಲವನೊಬ್ಬನಿದ್ದರೆ ಅವನ ಭಾನುವಾರ ಸೊಸೈಟಿಯ ಆಸ್ತಿ. ನಮ್ಮ ಸೊಸೈಟಿಯಲ್ಲಿ ಆ ಆಸ್ತಿ ನಾನು.

ಬಿಲ್ಡರನ ಕಚೇರಿಯಿಂದ ಬಂದ ತ್ರೀಡಿ ಮಾದರಿಯನ್ನು ಗೂಗಲ್ ಅರ್ಥ್‌ನ ಉಪಗ್ರಹ ಚಿತ್ರದ ಮೇಲೆ ಕೂರಿಸಿ ಸದಸ್ಯರಿಗೆ ತೋರಿಸಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಯಿತು. ಅವರು ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೂ ರಾತ್ರಿ ನಿದ್ದೆ ಮಾಡದ ಜಾತಿ.

ಕಚೇರಿಯ ಪುಣ್ಯಾತ್ಮರು ಮಿಲಿಮೀಟರಿನಲ್ಲಿ ಬರೆದದ್ದನ್ನು ಮೀಟರ್ ಎಂದು ನಮೂದಿಸಿ ಕಳುಹಿಸಿದ್ದರು. 24 ಮೀಟರ್ ಅಗಲದ ಕಟ್ಟಡ 24 ಕಿಲೋಮೀಟರ್ ಆಗಿ, ಠಾಣೆಯನ್ನೂ ಅರ್ಧ ಮುಂಬಯಿಯನ್ನೂ ಅಡಿಗೆ ಹಾಕಿಕೊಂಡು, 70 ಕಿಲೋಮೀಟರ್ ಎತ್ತರಕ್ಕೆ ಎದ್ದು ನಿಂತಿತು. ಎವರೆಸ್ಟಿನ ಏಳು ಪಟ್ಟಿಗಿಂತಲೂ ಹೆಚ್ಚು. ಕಾರ್ಯದರ್ಶಿಗಳು ಕನ್ನಡಕ ಏರಿಸಿ ನೋಡಿ, "ಕಾರ್ಪೆಟ್ ಏರಿಯಾ ಒಳ್ಳೆಯದೇ ಇದೆ, ಹೀಗೇ ಇರಲಿ" ಎಂದರು.

ಅಳತೆ ಸರಿಪಡಿಸಿದ ಮೇಲೆ ನಿಜವಾದ ತಲೆನೋವು ಶುರುವಾಯಿತು. ಉಪಗ್ರಹ ಸರಿಯಾಗಿ ನೆತ್ತಿಯ ಮೇಲಿನಿಂದ ಫೋಟೊ ತೆಗೆಯುವುದು ಅಪರೂಪ, ಸಾಮಾನ್ಯವಾಗಿ ಓರೆನೋಟವೇ. ಹಾಗಾಗಿ ಚಿತ್ರದಲ್ಲಿ ಕಟ್ಟಡಗಳು ಒಂದು ಕಡೆಗೆ ವಾಲಿರುತ್ತವೆ, ಬುಡ ಒಂದೆಡೆ, ತಾರಸಿ ಇನ್ನೊಂದೆಡೆ. ಮಾದರಿಯನ್ನು ಬುಡಕ್ಕೆ ಹೊಂದಿಸಬೇಕು. ಹೊಂದಿಸಿದೆ. ಹೊಸ ಕಟ್ಟಡದ ಪಕ್ಕದಿಂದ ಹಳೆಯ ತಾರಸಿಯ ಒಂದು ಅಂಚು ಇಣುಕಿತು.

"ನಮ್ಮ ಜಾಗ ಇಷ್ಟು ಬಿಟ್ಟದ್ದು ಯಾರಿಗೆ? ಪಕ್ಕದ ಸೊಸೈಟಿಗೋ? ಸ್ವಲ್ಪ ಇತ್ತ ಸರಿಸಿ, ಮಾರಾಯರೇ."

ಸರಿಸಿ ಎಂದು ಸುಮ್ಮನಿದ್ದರೆ ಅವರು ಕಾರ್ಯದರ್ಶಿಗಳೇ ಅಲ್ಲ. ಗೋಡೆಗೆ ತಾಗಿದ ಕಪಾಟನ್ನು ತಳ್ಳುವಂತೆ ತೋರುಬೆರಳಿನಿಂದ ಲ್ಯಾಪ್‌ಟಾಪಿನ ಪರದೆಯನ್ನು ತಳ್ಳಿದರು. ಆ ಬೆರಳು ಆಗಷ್ಟೇ ಗೋಳಿಬಜೆ ಮುಗಿಸಿ ಬಂದಿತ್ತು. ಠಾಣೆ ಖಾರಿಯ ಉದ್ದಕ್ಕೂ ಎಣ್ಣೆ ಹರಡಿತು, ಐರೋಲಿ ಸೇತುವೆಯ ಬಳಿ ಚಟ್ನಿ ನಿಂತಿತು. ಓರೆನೋಟದ ವಿಷಯ ಬಿಡಿಸಿ ಹೇಳಿದೆ. ನಂಬಲಿಲ್ಲ. ಸಾಕ್ಷಿಗೆಂದು ಹಳೆಯ ವರ್ಷದ ಚಿತ್ರ ತೆಗೆದು, ಅದರಲ್ಲಿ ನಮ್ಮದೇ ತಾರಸಿ ಎದುರು ದಿಕ್ಕಿಗೆ ವಾಲಿರುವುದನ್ನು ತೋರಿಸಿದೆ. "ಹಾಗಾದರೆ ಆ ವರ್ಷದ್ದನ್ನೇ ಇಟ್ಟುಕೊಳ್ಳೋಣ, ಅದರಲ್ಲಿ ನಮಗೆ ಲಾಭ" ಎಂದರು.

2006ರಲ್ಲಿ ಗೂಗಲ್ ಕಂಪನಿಯು ತ್ರೀಡಿ ಮಾದರಿ ಮಾಡುವ ಸ್ಕೆಚ್‌ಅಪ್ ತಂತ್ರಾಂಶವನ್ನು ಕೊಂಡ ಮೇಲೆ ಎಷ್ಟೋ ಹವ್ಯಾಸಿಗಳು ತಮ್ಮೂರಿನ ಕಟ್ಟಡಗಳನ್ನು ಬಿಡುವಿನ ವೇಳೆಯಲ್ಲಿ ಮಾಡಿ ಈ ಭೂಪಟಕ್ಕೆ ಏರಿಸುತ್ತಿದ್ದರು. 2012ರಿಂದೀಚೆಗೆ ವಿಮಾನದಿಂದ ತೆಗೆದ ಫೋಟೊಗಳನ್ನು ಜೋಡಿಸಿ ಯಂತ್ರವೇ ನಗರಗಳನ್ನು ಕಟ್ಟತೊಡಗಿತು. ಯಂತ್ರದ ಮೇಲೆ ನನಗೆ ಅಸೂಯೆ. ಅದಕ್ಕೆ ಕಾರ್ಯದರ್ಶಿಗಳಿಲ್ಲ.

ಹಳೆಯ ಚಿತ್ರದ ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಬೆಳ್ಳಗಿನ ಗೆರೆಯೊಂದಿತ್ತು. ಮಳೆಗಾಲದ ಮೋಡದಲ್ಲಿ ಉಪಗ್ರಹಕ್ಕೆ ಏನೂ ಕಾಣದು. ಇಂಥ ಚಿತ್ರಗಳೆಲ್ಲ ಹೆಚ್ಚಾಗಿ ಬಿಸಿಲಿನ ದಿನಗಳವು. "ಅದು ನಮ್ಮ ಮನೆಯವಳು ಸಂಡಿಗೆ ಹರಡಿದ ಪಂಚೆ" ಎಂದರು ಕಾರ್ಯದರ್ಶಿಗಳು. ಇರಬಹುದು, ಸುಣ್ಣದ ಗೆರೆಯೂ ಇರಬಹುದು. ಆದರೆ ಆ ತಾರಸಿಯಲ್ಲಿ ಏಪ್ರಿಲ್ ತಿಂಗಳು ಕಾಗೆ ಓಡಿಸಲು ಕೋಲು ಹಿಡಿದು ಕುಳಿತವರಲ್ಲಿ ನಾನೂ ಒಬ್ಬ. ಹೊಸ ನಕ್ಷೆಯಲ್ಲಿ ತಾರಸಿ ಸೌರಫಲಕಗಳಿಗೆ ಮೀಸಲು, ಬಾಗಿಲಿಗೆ ಬೀಗ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಸ್ವಲ್ಪ ಹೊತ್ತು ಅಷ್ಟೇ. ಮಾದರಿಗೆ ದಿಕ್ಕಿನ ಅಂಕಿಯೊಂದಿದೆ, ಸೊನ್ನೆ ಎಂದರೆ ಉತ್ತರ, 90 ಎಂದರೆ ಪೂರ್ವ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅವರ ಅಡುಗೆಮನೆ ಆಗ್ನೇಯಕ್ಕೆ ಬರುವ ತನಕ ಇಪ್ಪತ್ತೆರಡು ಮಹಡಿಗಳನ್ನು ಗಿರಗಿರನೆ ತಿರುಗಿಸಿದೆವು. ಬಂತು. ಆದರೆ ಕಟ್ಟಡದ ಒಂದು ಮೂಲೆ ರಸ್ತೆಯ ನಡುವೆ ಬಂದು ನಿಂತಿತ್ತು. "ರಸ್ತೆಯನ್ನು ಸರಿಸಲು ಬರುವುದಿಲ್ಲವೇ?" ಎಂದು ಕೇಳಿದ್ದಾರೆ. ಮುಂದಿನ ಭಾನುವಾರ ಪಾರ್ಕಿಂಗ್ ನೋಡಲು ಮೂರನೆಯ ಮಹಡಿಯವರನ್ನೂ ಕರೆತರುತ್ತಾರಂತೆ.