ಹಿಟ್ಟುಹುಳು ಕೋಳಿಯ ಪೂರ್ಣ ಆಹಾರವಲ್ಲ: ಒಂದು ಸ್ಪಷ್ಟನೆ

ಹಿಟ್ಟುಹುಳು ಎಂದರೆ ಒಂದು ಬಗೆಯ ದುಂಬಿಯ ಮರಿಹುಳು (ಮೀಲ್‌ವರ್ಮ್). ‘ಮನೆಯಲ್ಲೇ ಹಿಟ್ಟುಹುಳು ಸಾಕಿದರೆ ಹಿತ್ತಲ ಕೋಳಿಗಳಿಗೆ ಬೇರೆ ಮೇವೇ ಬೇಕಿಲ್ಲ’ ಎಂಬ ಸಂದೇಶವೊಂದು ಕೋಳಿ ಸಾಕುವವರ ನಡುವೆ ಹರಿದಾಡುತ್ತಿದೆ. ಈ ಮಾತು ತಪ್ಪು. ಇದನ್ನು ನಂಬಿದರೆ ತೊಂದರೆ ಅನುಭವಿಸುವುದು ಮೊಟ್ಟೆಯಿಡುವ ಹೇಂಟೆಗಳು.

ಒಣಗಿಸಿದ ಹಿಟ್ಟುಹುಳುವಿನ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಪ್ರೋಟೀನ್ ಇರುತ್ತದೆ ಎಂಬುದು ನಿಜ. ಆದರೆ ಅದರಲ್ಲಿ ಕೊಬ್ಬೂ ಹೆಚ್ಚು, ಸುಣ್ಣದ ಅಂಶವಂತೂ (ಕ್ಯಾಲ್ಸಿಯಂ) ತೀರಾ ಕಡಿಮೆ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ಹಸಿ ಹುಳುವಿನಲ್ಲಿ ಸಿಗುವುದು ಕೆಲವೇ ಹತ್ತು ಮಿಲಿಗ್ರಾಂ. ಈ ಕೊರತೆಯನ್ನು ಹೇಂಟೆ ತನ್ನ ಮೂಳೆಯಿಂದ ತುಂಬಿಕೊಳ್ಳಲು ನೋಡುತ್ತದೆ. ಅದೂ ಸಾಲದೆ ಹೋದಾಗ, ಬೆರಳಿನಿಂದ ಒತ್ತಿದರೆ ತಗ್ಗುವ, ತೊಗಲಿನಂಥ ಚಿಪ್ಪಿನ ಮೊಟ್ಟೆ ಗೂಡಿನಲ್ಲಿ ಕಾಣಿಸುತ್ತದೆ. ಅಂಥ ಮೊಟ್ಟೆಯನ್ನು ಕೈಯಲ್ಲಿ ಹಿಡಿದವರಿಗೆ ಇದರ ಗಂಭೀರತೆಯನ್ನು ಹೆಚ್ಚು ವಿವರಿಸಬೇಕಿಲ್ಲ.

ಹಾಗೆಂದು ಹುಳು ಸಾಕುವುದನ್ನು ಬಿಡಬೇಕಾಗಿಲ್ಲ. ಅಗಲವಾದ ಟ್ರೇಯಲ್ಲಿ ಎರಡು ಮೂರು ಬೆರಳಿನಷ್ಟು ಗೋಧಿ ಬೂಸಾ ಹರಡಿ, ತೇವಕ್ಕೆ ಕ್ಯಾರೆಟ್ ಹೋಳು ಇಟ್ಟು, ಬೂಷ್ಟು ಹಿಡಿಯುವ ಮೊದಲೇ ಅದನ್ನು ಬದಲಿಸುತ್ತಿದ್ದರೆ ಸಾಕು. ಈ ಹುಳು ಮೊಟ್ಟೆಯಿಂದ ದುಂಬಿಯಾಗುವವರೆಗೆ ಹಲವು ತಿಂಗಳು ಹಿಡಿಯುವುದರಿಂದ, ‘ಎರಡೇ ವಾರದಲ್ಲಿ ಇಳುವರಿ’ ಎಂಬ ಅದೇ ಸಂದೇಶದ ಇನ್ನೊಂದು ಭರವಸೆಯೂ ಸುಳ್ಳು.

ಹೇಂಟೆಯೊಂದು ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಅದರಲ್ಲಿ ಹುಳು ಹತ್ತನೇ ಒಂದು ಪಾಲು ಮೀರದಿರಲಿ, ಉಳಿದದ್ದು ಸಮತೋಲಿತ ಲೇಯರ್ ಮೇವಾಗಿರಲಿ (ಮೊಟ್ಟೆಯಿಡುವ ಕೋಳಿಗಳಿಗೆಂದೇ ತಯಾರಿಸಿದ ಮೇವು), ಪಕ್ಕದಲ್ಲೊಂದು ಬಟ್ಟಲಿನಲ್ಲಿ ಕ್ಯಾಲ್ಸಿಯಂಗಾಗಿ ಕಪ್ಪೆಚಿಪ್ಪಿನ ತರಿ ಸದಾ ಇರಲಿ.