ಒಣ ನೆಲದಲ್ಲಿ ದೋಣಿ ಕ್ಲಾಸು

ನನ್ನ ಅಕ್ಕನ ಮಗ ಏಳನೇ ಕ್ಲಾಸು. ಹೋದ ತಿಂಗಳು ಅವನ ಶಾಲೆಯಿಂದ ವಾಟ್ಸಾಪಿನಲ್ಲಿ ಒಂದು ಸರ್ಕ್ಯುಲರ್ ಬಂತು. ಈ ವರ್ಷದಿಂದ ಮಕ್ಕಳಿಗೆ ವಾಟರ್ ಸ್ಪೋರ್ಟ್ಸ್ ಕಲಿಸುತ್ತಾರಂತೆ. ಕಯಾಕಿಂಗ್, ಕೆನೋಯಿಂಗ್, ರಾಫ್ಟಿಂಗ್. ಫೀಸು ಬೇರೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅಷ್ಟು ದುಡ್ಡಿಗೆ ಒಂದು ಹರಿಗೋಲೇ ಬರುತ್ತದೆ, ಅಂಬಿಗನ ಎರಡು ತಿಂಗಳ ಸಂಬಳದ ಸಮೇತ.

ನನಗಂತೂ ಖುಷಿಯಾಯಿತು. ಬೆಂಗಳೂರಿನ ಮಗುವಿಗೆ ದೋಣಿ ನಡೆಸಲು ಬರಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆಯ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು, ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಕರೆತಂದದ್ದು ನಿಮಗೂ ನೆನಪಿರಬೇಕು. ಪಣತ್ತೂರು ರೈಲ್ವೆ ಅಂಡರ್‌ಪಾಸ್ ದಾಟುವವರಿಗಂತೂ ಡ್ರೈವಿಂಗ್ ಲೈಸೆನ್ಸಿನ ಜೊತೆ ಇದನ್ನೂ ಕಡ್ಡಾಯ ಮಾಡಬೇಕು. ಶಾಲೆಯವರು ಮುಂದಾಲೋಚನೆ ಇರುವವರು.

ಮೊದಲ ಶನಿವಾರ ಅವನನ್ನು ಬಿಡಲು ನಾನೇ ಹೋದೆ. "ನೀರೆಲ್ಲಿ?" ಅಂತ ಕೇಳಿದೆ. "ಮೊದಲ ಆರು ಕ್ಲಾಸು ಲ್ಯಾಂಡ್ ಡ್ರಿಲ್ಲು ಸರ್" ಅಂದರು ಪಿಟಿ ಮೇಷ್ಟ್ರು. ಮೈದಾನದ ಕೆಂಪು ಮಣ್ಣಲ್ಲಿ ಮೂವತ್ತು ಮಕ್ಕಳು ಕಾಲು ಚಾಚಿ ಸಾಲಾಗಿ ಕೂತಿದ್ದರು. ಕೈಯಲ್ಲಿ ಹುಟ್ಟು. ಹುಟ್ಟು ಅಂದರೆ ನೆಲ ಒರೆಸುವ ಮಾಪಿನ ಕೋಲು. ಅದರ ಎರಡೂ ತುದಿಗೆ ಪ್ಲಾಸ್ಟಿಕ್ ತಟ್ಟೆ, ಮೇಲೆ ಟೇಪು ಸುತ್ತಿದ್ದು. ಮೇಷ್ಟ್ರು ಸೀಟಿ ಊದಿದಾಗಲೆಲ್ಲ ಮಕ್ಕಳು ಗಾಳಿ ತಳ್ಳುತ್ತಿದ್ದರು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮುಂದಿನ ಸಾಲಿನ ಹುಡುಗಿಯ ತಟ್ಟೆ ಕಿತ್ತುಕೊಂಡು ಹಾರಿ ಹಿಂದಿನವನ ಮೂಗಿಗೆ ಬಡಿಯಿತು. ಆ ದಿನದ ಸಾಹಸ ಅಷ್ಟೇ.

ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟಿದ್ದರು. ನಮ್ಮ ಹುಡುಗನದ್ದು ತೊಡೆಯವರೆಗೆ ಬರುತ್ತಿತ್ತು. ಮೂರು ಬಕಲ್‌ನಲ್ಲಿ ಎರಡು ಮುರಿದಿದ್ದವು. ಸೀಟಿಯ ದಾರ ಇತ್ತು, ಸೀಟಿ ಇರಲಿಲ್ಲ. ಮೈಗೆ ಬಿಗಿಯಾಗಿ ಕೂರದ ಜಾಕೆಟ್ ನೀರಲ್ಲಿ ತಾನು ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ಇದನ್ನು ಮೇಷ್ಟ್ರಿಗೆ ಹೇಳಿದೆ. "ಇಲ್ಲಿ ನೀರೇ ಇಲ್ವಲ್ಲ ಸರ್, ಏನೂ ಆಗಲ್ಲ" ಅಂದರು. ಆಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ, "ನಾನು ಕಬಡ್ಡಿ ಕಡೆಯವನು ಸರ್. ನನಗೇ ಈಜು ಬರಲ್ಲ. ಎರಡು ದಿನ ವಿಡಿಯೋ ತೋರಿಸಿ ಕಳಿಸಿದ್ದಾರೆ" ಅಂದರು. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಶಾಲೆಯಲ್ಲಿ ಈಜುಕೊಳ ಇಲ್ಲ ಅಂದುಕೊಳ್ಳಬೇಡಿ. ಇದೆ. ಅಡ್ಮಿಷನ್ ಪುಸ್ತಿಕೆಯ ಮುಖಪುಟದಲ್ಲೇ ನೀಲಿಯಾಗಿ ಹೊಳೆಯುತ್ತದೆ. ನಾನು ಇಣುಕಿ ನೋಡಿದಾಗ ಒಳಗೆ ಮುರಿದ ಡೆಸ್ಕುಗಳು, ವಾರ್ಷಿಕೋತ್ಸವದ ಥರ್ಮೋಕೋಲ್ ಹಂಸ ಒಂದು. ಅಷ್ಟೂ ಜಲಕ್ರೀಡೆ ಯೋಜನೆಯಲ್ಲಿ ಕೊಳಕ್ಕೆ ಇಳಿದಿರುವುದು ಆ ಹಂಸವೊಂದೇ. 25 ಮೀಟರ್ ಉದ್ದ, 10 ಮೀಟರ್ ಅಗಲ, 1.2 ಮೀಟರ್ ಆಳ ಅಂತ ಗೋಡೆಯ ಮೇಲೆ ಬರೆದಿದೆ. ಲೆಕ್ಕ ಹಾಕಿದರೆ 3 ಲಕ್ಷ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ 25 ಬೇಕು. 2024ರ ಮಾರ್ಚಿನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆಗ ಖಾಲಿ ಮಾಡಿದ್ದಂತೆ. ಜಲಮಂಡಳಿ ಹೇಳಿದ್ದು ಸರಿಯೇ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪಿನಲ್ಲಿ ಎತ್ತಿ ಎತ್ತಿ ತಂದು, ಅದರಲ್ಲಿ ಬಟರ್‌ಫ್ಲೈ ಸ್ಟ್ರೋಕ್ ಹೊಡೆಯುವುದು ಯಾರಿಗೂ ಶೋಭೆಯಲ್ಲ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಮಾರ್ಚಿನಲ್ಲಿ ಕೊಳಕ್ಕೆ ನೀರಿಲ್ಲ, ಅಕ್ಟೋಬರಿನಲ್ಲಿ ಬೇಸ್‌ಮೆಂಟೇ ಕೊಳ. ಟೈಮ್‌ಟೇಬಲ್ ಮಾಡುವವರು ಸ್ವಲ್ಪ ಕಾದಿದ್ದರೆ ಸಾಕಿತ್ತು.

ಅಂದ ಹಾಗೆ, ಜಲ ಮತ್ತು ಕ್ರೀಡೆಯ ನಂಟು ಈ ಊರಿಗೆ ಹೊಸದಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯಿತು. ಚಲ್ಲಘಟ್ಟ ಕೆರೆಯಲ್ಲಿ ಈಗ ಗಾಲ್ಫ್ ಆಡುತ್ತಾರೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರಿಗೆ ಉಳಿಯಲು ಮನೆ ಬೇಕಿತ್ತು, ಕೋರಮಂಗಲದ ಕೆರೆ ಅಂಗಳ ಕೊಟ್ಟೆವು. ನೋಡಿ, ಜಲಕ್ರೀಡೆ ಅನ್ನುವ ಪದದಿಂದ ಜಲವನ್ನು ತೆಗೆದು ಕ್ರೀಡೆಯನ್ನು ಉಳಿಸಿಕೊಂಡ ಊರು ಇದು. ಧರ್ಮಾಂಬುಧಿ ಕೆರೆಯನ್ನು ಮಾತ್ರ ಕ್ರೀಡೆಗೆ ಕೊಡದೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಮಾಡಿದೆವು. ಸಂಜೆ ಆರಕ್ಕೆ ಅಲ್ಲಿ ಬಸ್ ಹತ್ತಿ ನೋಡಿದವರು ಅದೂ ಕ್ರೀಡೆಯೇ ಅನ್ನುತ್ತಾರೆ.

ಕಂಠೀರವದ ಪಕ್ಕದಲ್ಲಿ ಸಂಪಂಗಿ ಕೆರೆಯದ್ದು ಅಂತ ಒಂದು ಚೂರು ಉಳಿದಿದೆ. ಒಂದು ಚೌಕದ ಕೊಳ. ಕರಗದ ಪೂಜೆಗೆ ಬೇಕು ಅಂತ ಉಳಿಯಿತು. ಹೋದ ಸಲ ನೋಡಿದಾಗ ನೀರು ಪಾಚಿಗಟ್ಟಿತ್ತು, ಒಂದು ಚಪ್ಪಲಿ ತೇಲುತ್ತಿತ್ತು. ದೇವರ ಹೆಸರಿಲ್ಲದಿದ್ದರೆ ಅಲ್ಲೂ ಒಂದು ಶಟಲ್ ಕೋರ್ಟ್ ಬರುತ್ತಿತ್ತು.

ಹಾಗಾದರೆ ಮಕ್ಕಳನ್ನು ಯಾವ ನೀರಿಗೆ ಇಳಿಸುವುದು? ಪೋಷಕರ ಗುಂಪಿನಲ್ಲಿ ಇದೇ ಚರ್ಚೆ. ಒಬ್ಬರು ಬೆಳ್ಳಂದೂರು ಅಂದರು. ಅಲ್ಲಿ ಲೈಫ್‌ಗಾರ್ಡ್ ಜೊತೆಗೆ ಒಂದು ಫೈರ್ ಎಂಜಿನ್ ಕೂಡ ಬೇಕಾಗುತ್ತದೆ. 2018ರ ಜನವರಿಯಲ್ಲಿ ಆ ಕೆರೆಗೆ ಹತ್ತಿದ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. ಹಲಸೂರು ಕೆರೆಯಲ್ಲಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರೇ ದೋಣಿ ಅಭ್ಯಾಸ ಮಾಡುತ್ತಾರೆ. ಅವರಾದರೆ ಕೈಗೆ ಕೋವಿ ಹಿಡಿದವರು, ವಾಸನೆಗೆ ಹೆದರುವುದಿಲ್ಲ. ಇನ್ನೊಬ್ಬ ತಾಯಿ, "ಮಗುವಿಗೆ ಶೀತ ಆಗುತ್ತೆ, ಸ್ವೆಟರ್ ಹಾಕಿಕೊಂಡು ಈಜಬಹುದಾ?" ಅಂತ ಕೇಳಿದರು. ಸರ್ಟಿಫಿಕೇಟ್ ಯಾವಾಗ ಕೊಡುತ್ತಾರೆ ಅಂತ ಹನ್ನೊಂದು ಜನ ಕೇಳಿದರು.

ನಾನು ಈಜು ಕಲಿತದ್ದು ಅಜ್ಜನ ಊರಿನ ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಎರಡು ಕಟ್ಟಿ, ಸೋದರಮಾವ ಹಿಂದಿನಿಂದ ತಳ್ಳಿದ. ಎಚ್ಚರಿಕೆ ಕೊಡಲಿಲ್ಲ, ಸರ್ಕ್ಯುಲರ್ ಅಂತೂ ಇಲ್ಲವೇ ಇಲ್ಲ. ಎಂಟು ದಿನಕ್ಕೆ ಒಂದು ಬುರುಡೆ ಬಿಚ್ಚಿದ. ಇನ್ನೊಂದು ವಾರಕ್ಕೆ ಇನ್ನೊಂದು. ಅದು ಒಳ್ಳೆಯ ವಿಧಾನ ಅಂತ ಹೇಳುತ್ತಿಲ್ಲ. ಬದುಕಿದವರು ಮಾತ್ರ ಈ ಕತೆ ಹೇಳಲು ಉಳಿದಿರುತ್ತಾರೆ. ಆದರೆ ಮಾವನಿಗೆ ಈಜು ಬರುತ್ತಿತ್ತು. ಬಾವಿಯಲ್ಲಿ ನೀರೂ ಇತ್ತು.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಮುರುಡೇಶ್ವರಕ್ಕೆ ಹೋದ ಮುಳಬಾಗಿಲು ಕಡೆಯ ನಾಲ್ಕು ಹುಡುಗಿಯರು ಕಡಲು ಪಾಲಾದರು. ಶಿಕ್ಷಕರ ಮೇಲೆ ಕೇಸಾಯಿತು, ಪರಿಹಾರ ಅಂದರು, ನಾವೂ ಮರೆತೆವು. ಬೇಸಿಗೆ ರಜೆ ಬಂತು ಅಂದರೆ ಕೃಷಿಹೊಂಡ, ಕಲ್ಲು ಕ್ವಾರಿ, ಕೆರೆ ಅಂತ ಪೇಪರಿನ ಒಳಪುಟದಲ್ಲಿ ಅದೇ ಸುದ್ದಿ, ಹೆಸರು ಮಾತ್ರ ಬೇರೆ. ಆ ಮಕ್ಕಳಿಗೆ ಕಯಾಕಿಂಗ್ ಬೇಕಿರಲಿಲ್ಲ. ಗಾಬರಿ ಬೀಳದೆ, ಮೈ ಸಡಿಲ ಬಿಟ್ಟು ಅಂಗಾತ ತೇಲುವುದು ಹೇಗೆ ಅಂತ ಯಾರಾದರೂ ಕಲಿಸಬೇಕಿತ್ತು. ಮುಳುಗುವವರು ಸಿನಿಮಾದ ಹಾಗೆ ಕೂಗುವುದಿಲ್ಲ. ಉಸಿರಿಗೇ ಒದ್ದಾಡುವ ಬಾಯಿಂದ ಕೂಗು ಹೊರಡುವುದಿಲ್ಲ, ಸದ್ದಿಲ್ಲದೆ ಹೋಗುತ್ತಾರೆ. ಉಳಿಸಲು ಹೋದವರೂ ಹೋಗುತ್ತಾರೆ. ಹಾರಬೇಡ, ಹಗ್ಗವೋ ಕೋಲೋ ಖಾಲಿ ಪ್ಲಾಸ್ಟಿಕ್ ಡಬ್ಬವೋ ಎಸೆ ಅಂತ ಹೇಳಿಕೊಡಲು ಎಷ್ಟು ಫೀಸು ಬೇಕು? ಸರ್ಕಾರಿ ಶಾಲೆಯ ಮಗುವಿಗೆ ಇದನ್ನು ಹೇಳಿಕೊಡಲು ಯಾವ ಇಲಾಖೆಯ ಅಪ್ಪಣೆ ಬೇಕು?

2023ರ ಮೇ ತಿಂಗಳ ಒಂದು ಮಧ್ಯಾಹ್ನದ ಮಳೆಗೆ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರಿನೊಳಗೆ ನೀರು ನುಗ್ಗಿ 22 ವರ್ಷದ ಹುಡುಗಿ ಸತ್ತಳು. ವಿಧಾನಸೌಧದಿಂದ ನಡೆದು ಹೋಗುವಷ್ಟು ದೂರ. ಅದಕ್ಕೆ ಈಜು ಉತ್ತರವಲ್ಲ, ಚರಂಡಿ ಉತ್ತರ. ಚರಂಡಿಗೆ ಸರ್ಟಿಫಿಕೇಟ್ ಕೊಡುವುದಿಲ್ಲವಲ್ಲ, ಯಾರಿಗೂ ಆಸಕ್ತಿ ಇಲ್ಲ.

ಇರಲಿ. ನಮ್ಮ ಹುಡುಗ ಐದು ಶನಿವಾರ ಮಣ್ಣಿನಲ್ಲಿ ದೋಣಿ ನಡೆಸಿದ. ಚಡ್ಡಿ ಎರಡು ಹರಿದವು. "ಮಾಮ, ಮುಂದಿನ ವಾರ ನೀರಂತೆ" ಅಂತ ಶುಕ್ರವಾರ ರಾತ್ರಿ ಫೋನ್ ಮಾಡಿದ್ದ. ಅವತ್ತೇ ರಾತ್ರಿ ಚೆನ್ನಾಗಿ ಮಳೆ ಹೊಡೆಯಿತು. ಬೆಳಿಗ್ಗೆ ಆರೂವರೆಗೆ ಅಕ್ಕ ಒಂದು ಮೆಸೇಜು ಕಳಿಸಿದಳು, ಶಾಲೆಯದ್ದು:

"ಪ್ರಿಯ ಪೋಷಕರೇ, ಮೈದಾನದಲ್ಲಿ ಮೊಣಕಾಲುದ್ದ ನೀರು ನಿಂತಿರುವ ಕಾರಣ ಇಂದಿನ ವಾಟರ್ ಸ್ಪೋರ್ಟ್ಸ್ ಕ್ಲಾಸು ರದ್ದಾಗಿದೆ. ಫೀಸು ಹಿಂದಿರುಗಿಸಲಾಗುವುದಿಲ್ಲ."