ಮೈನಸ್ 196ರ ಚಳಿ ಮತ್ತು ಹತ್ತಡಿ ಕೋಣೆ

ಹೋದ ಭಾನುವಾರ ರಾತ್ರಿ ಅಕ್ಕನ ಮಗ ಫೋನ್ ಮಾಡಿದ್ದ. ಎಂಜಿನಿಯರಿಂಗ್ ಮೂರನೇ ವರ್ಷ, ಇಬ್ಬರು ಗೆಳೆಯರ ಜೊತೆ ಬಾಡಿಗೆ ರೂಮು. "ಮಾವ, ಹತ್ತು ಲೀಟರ್ ಲಿಕ್ವಿಡ್ ನೈಟ್ರೋಜನ್ ಸಿಗತ್ತೆ. ಅದನ್ನ ಹುಯ್ಯೋಕೆ ಪ್ರೊಸೆಸರ್ ಮೇಲೆ ಕೂರಿಸೋ ಸೆಕೆಂಡ್ ಹ್ಯಾಂಡ್ ಪಾಟ್ ಕೂಡ ಸಿಕ್ಕಿದೆ. ಶನಿವಾರ ರಾತ್ರಿ ರೂಮಲ್ಲೇ ಒಂದು ಸೆಷನ್ ಮಾಡ್ತೀವಿ, ಪ್ರೊಸೆಸರ್ ಸುಟ್ಟು ಹೋಗದ ಹಾಗೆ ಎಷ್ಟು ವೋಲ್ಟೇಜ್ ಕೊಡಬಹುದು ಹೇಳಿ" ಅಂದ.

ಪ್ರೊಸೆಸರ್ ಬಗ್ಗೆ ಆಮೇಲೆ ಮಾತಾಡೋಣ, ಮೊದಲು ಕಿಟಕಿ ಎಷ್ಟಿದೆ ಹೇಳು ಅಂದೆ. ಒಂದೇ ಕಿಟಕಿಯಂತೆ. ಸೊಳ್ಳೆ ಕಾಟಕ್ಕೆ ಅದನ್ನೂ ಮುಚ್ಚಿಟ್ಟಿದ್ದಾರಂತೆ.

ಅವತ್ತು ಅವನಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಹುಯ್ದು, ಆ ಅತಿ ಚಳಿಯಲ್ಲಿ ಕಂಪ್ಯೂಟರನ್ನು ಅದರ ಮಾಮೂಲಿ ವೇಗ ಮೀರಿ ಓಡಿಸುವ ಹುಚ್ಚಿಗೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ, ಅದು ಹಿಡಿದ ಹುಡುಗ ಅವನೊಬ್ಬನೇ ಅಲ್ಲ.

ಈ ಹವ್ಯಾಸ ನನಗೆ ತುಂಬಾ ಇಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರ್ ಒಳಗೆ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆಗುತ್ತಿರುತ್ತವೆ. ವೇಗ ಹೆಚ್ಚಬೇಕಾದರೆ ವೋಲ್ಟೇಜ್ ಏರಿಸಬೇಕು. ಆದರೆ ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.2 ವೋಲ್ಟ್ ಇದ್ದದ್ದನ್ನು 1.6 ಮಾಡಿದರೆ ಅದೊಂದರಿಂದಲೇ ಶಾಖ ಹತ್ತಿರಹತ್ತಿರ ಒಂದೂಮುಕ್ಕಾಲು ಪಟ್ಟು. ಅದರ ಮೇಲೆ ವೇಗದ ಶಾಖ ಬೇರೆ. ಚಿಪ್ ಬಿಸಿಯಾದಷ್ಟೂ ಆಫ್ ಆಗಿರಬೇಕಾದ ಟ್ರಾನ್ಸಿಸ್ಟರ್‌ಗಳಲ್ಲೂ ಕರೆಂಟು ಸೋರುತ್ತದೆ, ಆ ಸೋರಿಕೆ ಮತ್ತಷ್ಟು ಬಿಸಿ ಮಾಡುತ್ತದೆ. ಚಳಿ ಈ ಸುಳಿಯನ್ನು ಕಡಿದು ಹಾಕುತ್ತದೆ. ಸೋರಿಕೆ ನಿಂತಂತೆಯೇ ಆಗುತ್ತದೆ, ತಾಮ್ರದ ತಂತಿಗಳ ಪ್ರತಿರೋಧ ಇಳಿಯುತ್ತದೆ, ಸಿಲಿಕಾನ್ ಹರಳಿನ ಕಂಪನ ತಗ್ಗಿ ಎಲೆಕ್ಟ್ರಾನುಗಳು ಸಲೀಸಾಗಿ ಓಡುತ್ತವೆ.

ಇದು ಬರೀ ಆಟವಾಗಿಯೇ ಹುಟ್ಟಿದ್ದೂ ಅಲ್ಲ. 1987ರಲ್ಲಿ ಬಂದ ಇಟಿಎ-10 ಎಂಬ ಅಮೆರಿಕದ ಸೂಪರ್ ಕಂಪ್ಯೂಟರಿನ ದೊಡ್ಡ ಮಾದರಿಗಳು ತಮ್ಮ ಸರ್ಕ್ಯೂಟ್ ಬೋರ್ಡುಗಳನ್ನು ದ್ರವ ನೈಟ್ರೋಜನ್‌ನಲ್ಲೇ ಮುಳುಗಿಸಿಕೊಂಡು ಓಡುತ್ತಿದ್ದವು. ಆ ಚಳಿಯಿಂದಲೇ ಅದರ ಚಿಪ್‌ಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಹಾಗಾಗಿ ಇದನ್ನು ದುಡ್ಡು ದಂಡ ಮಾಡುವ ಹುಡುಗಾಟ ಎಂದು ತಳ್ಳಿಹಾಕುವವರ ಮಾತು ನಾನು ಒಪ್ಪುವುದಿಲ್ಲ. ಒಂದು ರಾತ್ರಿ ಪಾಟ್ ಮುಂದೆ ಕೂತು ಥರ್ಮಾಮೀಟರ್ ನೋಡುತ್ತಾ ನೈಟ್ರೋಜನ್ ಹುಯ್ದ ಹುಡುಗನಿಗೆ ಸೆಮಿಕಂಡಕ್ಟರ್ ಎಂದರೇನು ಎಂದು ಮತ್ತೆ ಪಾಠ ಮಾಡಬೇಕಾಗಿಲ್ಲ.

ನಾವೂ ಹಾಗೇ ಕಲಿತೆವು. ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಗೆಳೆಯನ ಮನೆಯ ತಾರಸಿ ಮೇಲೆ, ಎಎಂಡಿ ಎಫ್ಎಕ್ಸ್-8350 ಎಂಬ ಪ್ರೊಸೆಸರ್ ಇಟ್ಟುಕೊಂಡು. ಮಾಮೂಲಿಯಾಗಿ 4 ಗಿಗಾಹರ್ಟ್ಸ್ ವೇಗದಲ್ಲಿ ಓಡುವ ಚಿಪ್ಪು. ಪಾಟ್ ಮೈನಸ್ 180 ಮುಟ್ಟಿದಾಗ 7 ದಾಟಿತು. ಪರದೆಯ ಮೇಲೆ ಆ ಅಂಕಿ ಬಂದ ಗಳಿಗೆಯಲ್ಲಿ ಮೂವರೂ ಮಾತು ಮರೆತು ನಿಂತಿದ್ದೆವು. ಆ ಸಂತೋಷ ಇವತ್ತಿಗೂ ಮಾಸಿಲ್ಲ.

ಪ್ರೊಸೆಸರ್ ಕೂರಿಸಿದ್ದ ಮದರ್‌ಬೋರ್ಡು ಸತ್ತಿದ್ದು ಆಮೇಲೆ, ಎಲ್ಲ ಮುಗಿದ ಮೇಲೆ. ಆಗಸ್ಟ್ ತಿಂಗಳು. ಬೆಂಗಳೂರಿನ ಮಳೆಗಾಲದ ಗಾಳಿಯಲ್ಲಿ 20 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಾದರೂ ಬೆವರುತ್ತದೆ, ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟದ ಹಾಗೆ. ಆ ನೀರು ತಾಗದಿರಲಿ ಎಂದು ನಾವು ಬೋರ್ಡಿಗೆಲ್ಲ ವ್ಯಾಸಲೀನ್ ಮೆತ್ತಿದ್ದೆವು, ಪಾಟ್ ಸುತ್ತ ಟಿಶ್ಯೂ ಸುತ್ತಿದ್ದೆವು. ಸೆಷನ್ ನಡೆಯುವಷ್ಟೂ ಹೊತ್ತು ಎಲ್ಲ ಹಿಮವಾಗಿ ಗಟ್ಟಿಯಾಗಿ ಕೂತಿತ್ತು, ತೊಂದರೆ ಆಗಲಿಲ್ಲ. ಕರಗತೊಡಗಿದಾಗ ಆ ನೀರು ಸಾಕೆಟ್ಟಿನ ಹಿಂಬದಿಗೆ ಇಳಿಯಿತು. ಒಣಗಿತು ಅಂದುಕೊಂಡು ಬೆಳಿಗ್ಗೆ ಪವರ್ ಕೊಟ್ಟೆವು. ಮತ್ತೆ ಅದು ಏಳಲೇ ಇಲ್ಲ. ಪಾಟ್ ಬಿಚ್ಚಿ, ಫ್ಯಾನ್ ಗಾಳಿಗಿಟ್ಟು, ಒಂದು ದಿನ ಪೂರ್ತಿ ಕಾಯಬೇಕಿತ್ತು. ಕೆಲವು ಚಿಪ್ಪುಗಳಿಗೆ ಇನ್ನೊಂದು ತೊಡಕಿದೆ: ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಾಗೆಯೇ ನಿಂತುಬಿಡುತ್ತವೆ. ಓವರ್‌ಕ್ಲಾಕರ್‌ಗಳು ಇದನ್ನು ಕೋಲ್ಡ್ ಬಗ್ ಅನ್ನುತ್ತಾರೆ. ಆಗ ಗ್ಯಾಸ್ ಟಾರ್ಚ್ ಹಿಡಿದು ಪಾಟನ್ನು ಬೆಚ್ಚಗೆ ಮಾಡಬೇಕು.

ಇಷ್ಟೆಲ್ಲ ಮಾಡಿ ದಿನಬಳಕೆಗೆ ವೇಗದ ಕಂಪ್ಯೂಟರ್ ಸಿಗುತ್ತದಾ? ಇಲ್ಲ. 400 ವ್ಯಾಟ್ ಶಾಖ ಕಾರುವ ಪ್ರೊಸೆಸರ್ ಒಂದು ಲೀಟರ್ ದ್ರವ ನೈಟ್ರೋಜನ್ನನ್ನು ಏಳು ನಿಮಿಷದೊಳಗೆ ಆವಿ ಮಾಡಿ ಮುಗಿಸುತ್ತದೆ. ದಾಖಲೆಗಳೆಲ್ಲ ಕೆಲವೇ ಗಳಿಗೆಯವು. 2022ರ ಡಿಸೆಂಬರ್‌ನಲ್ಲಿ ಎಲ್ಮೋರ್ ಎಂದೇ ಹೆಸರಾದ ಸ್ವೀಡನ್‌ನ ಓವರ್‌ಕ್ಲಾಕರ್ ಇಂಟೆಲ್‌ನ ಐ9-13900ಕೆ ಚಿಪ್ಪನ್ನು ಮೊದಲ ಬಾರಿಗೆ 9 ಗಿಗಾಹರ್ಟ್ಸ್ ದಾಟಿಸಿದ. ಅದಕ್ಕೆ ನೈಟ್ರೋಜನ್ ಸಾಲಲಿಲ್ಲ, ಮೈನಸ್ 269ರ ದ್ರವ ಹೀಲಿಯಂ ಬೇಕಾಯಿತು. ಅವನ ಕೌಶಲದ ಬಗ್ಗೆ ನನಗೆ ಗೌರವವಿದೆ. ಆದರೆ ಹೀಲಿಯಂ ಬಳಕೆಯನ್ನು ಮನಸ್ಸು ಒಪ್ಪುವುದಿಲ್ಲ. ಒಂದು ಲೀಟರ್ ಹೀಲಿಯಂ ಕುದಿಯುವಾಗ ಹೀರುವ ಶಾಖ ನೈಟ್ರೋಜನ್‌ಗಿಂತ ಸುಮಾರು 60 ಪಟ್ಟು ಕಡಿಮೆ, ಸುರಿದಷ್ಟೂ ಹಾರಿಹೋಗುತ್ತದೆ. ನೈಟ್ರೋಜನ್ ಗಾಳಿಯಿಂದ ಬಂದು ಗಾಳಿಗೇ ಸೇರುತ್ತದೆ. ಹೀಲಿಯಂ ಭೂಮಿಯ ಒಡಲಿಂದ ತೆಗೆದದ್ದು, ಒಮ್ಮೆ ಬಿಟ್ಟರೆ ಹೋಯಿತು. ಎಂಆರ್‌ಐ ಯಂತ್ರಗಳಿಗೂ ಅದೇ ಬೇಕು.

ಈಗ ಕಿಟಕಿಯ ವಿಷಯ.

ನಮ್ಮಪ್ಪ ಪಶು ಆಸ್ಪತ್ರೆಯಲ್ಲಿದ್ದರು. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯ ನಳಿಕೆಗಳನ್ನು ಇಡುವ ನೈಟ್ರೋಜನ್ ಕ್ಯಾನ್ ನಾನು ಹುಟ್ಟಿದಾಗಿನಿಂದ ನೋಡಿದ್ದು. ಹಳ್ಳಿ ಕಡೆ ಬೆಳೆದವರಿಗೆಲ್ಲ ಗೊತ್ತಿರುತ್ತದೆ, ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕಿ ನೆಲಕ್ಕೆ ಇಳಿಯುತ್ತದೆ. ಅದರ ಮುಚ್ಚಳ ಯಾವತ್ತೂ ಸಡಿಲ, ಬಿಗಿದರೆ ಒಳಗಿನ ಒತ್ತಡಕ್ಕೆ ಸಿಡಿಯುತ್ತದೆ. ಕ್ಯಾನ್ ಇಟ್ಟ ಕೋಣೆಯ ಕಿಟಕಿಯನ್ನು ಮಾಘದ ಚಳಿಯಲ್ಲೂ ಅಪ್ಪ ಮುಚ್ಚಲು ಬಿಡುತ್ತಿರಲಿಲ್ಲ. "ಇದು ವಾಸನೆ ಇಲ್ಲದ್ದು ಕಣೋ, ಹೇಳಿ ಬರಲ್ಲ" ಅನ್ನುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾದರೆ ಸುಮಾರು 690 ಲೀಟರ್ ಅನಿಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ ಸುಮಾರು 28,000 ಲೀಟರ್. ಅಲ್ಲಿ ಹತ್ತು ಲೀಟರ್ ಸುರಿದು ಬಾಗಿಲು ಕಿಟಕಿ ಮುಚ್ಚಿದ್ದರೆ 21 ಶೇಕಡಾ ಇರುವ ಆಮ್ಲಜನಕ 16ರ ಆಸುಪಾಸಿಗೆ ಇಳಿಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ 19.5ಕ್ಕಿಂತ ಕಡಿಮೆಯಾದರೆ ಅಪಾಯ. ಅಂದರೆ ಮೂರೇ ಲೀಟರಿಗೆ ಗಡಿ ದಾಟಿದಂತೆ. ಮೊದಲಿಗೆ ತಣ್ಣನೆಯ ಅನಿಲ ಕೆಳಗೇ ಕೂರುತ್ತದೆ, ನೆಲದ ಮೇಲೆ ಕೂತು ಕೆಲಸ ಮಾಡುವ ಹುಡುಗರಿಗೆ ಇನ್ನೂ ಕೆಟ್ಟದ್ದು.

ಉಸಿರುಗಟ್ಟಿದರೆ ಗೊತ್ತಾಗುವುದಿಲ್ಲವೇ ಎಂದು ಅಳಿಯ ಕೇಳಿದ. ಗೊತ್ತಾಗುವುದಿಲ್ಲ. ಉಸಿರುಗಟ್ಟುವ ಸಂಕಟ ನಮಗೆ ಬರುವುದು ಇಂಗಾಲದ ಡೈಆಕ್ಸೈಡ್ ಒಳಗೆ ಸೇರಿಕೊಂಡಾಗ. ನೈಟ್ರೋಜನ್ ಉಸಿರಾಡುವಾಗ ಅದು ಎಂದಿನಂತೆ ಹೊರಗೆ ಹೋಗುತ್ತಿರುತ್ತದೆ, ದೇಹ ಕೂಗಿಕೊಳ್ಳುವುದಿಲ್ಲ. ಮಂಪರು ಬಂದಂತಾಗಿ ಬೀಳುತ್ತಾರೆ. ಎತ್ತಲು ಹೋದವರೂ ಬೀಳುತ್ತಾರೆ. 2021ರ ಜನವರಿ 28ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಗೇನ್ಸ್‌ವಿಲ್‌ನಲ್ಲಿ ಕೋಳಿಮಾಂಸ ಘಟಕವೊಂದರಲ್ಲಿ ದ್ರವ ನೈಟ್ರೋಜನ್ ಸೋರಿ ಆರು ಜನ ಸತ್ತರು. ಅವರು ದಿನವೂ ಅದೇ ಕಟ್ಟಡದಲ್ಲಿ ದುಡಿಯುತ್ತಿದ್ದವರು.

ಕೈ ಸುಡುವ ಭಯ ಹುಡುಗರಿಗೆ ಹೇಗೂ ಇರುತ್ತದೆ. ಬರಿ ಚರ್ಮದ ಮೇಲೆ ಬಿದ್ದ ಒಂದೆರಡು ಹನಿ ಜಾರಿ ಹೋಗುತ್ತದೆ, ಆದರೆ ಒದ್ದೆಯಾದ ಹತ್ತಿ ಗ್ಲೌಸು ಅಥವಾ ಶೂ ಅದನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಕುಡಿಯುವುದಂತೂ ಮಾತೇ ಇಲ್ಲ. 2024ರಲ್ಲಿ ಬೆಂಗಳೂರಿನ ಮದುವೆಯೊಂದರಲ್ಲಿ ದ್ರವ ನೈಟ್ರೋಜನ್ ಹಾಕಿದ ಹೊಗೆ ಪಾನ್ ತಿಂದ ಹನ್ನೆರಡು ವರ್ಷದ ಹುಡುಗಿಯ ಹೊಟ್ಟೆಯಲ್ಲಿ ತೂತು ಬಿದ್ದ ಸುದ್ದಿ ನೆನಪಿರಬಹುದು.

ಅಳಿಯನಿಗೆ ಬೇಡ ಅನ್ನಲಿಲ್ಲ. ರೂಮು ಬೇಡ, ತಾರಸಿ ಅಥವಾ ಕಾಲೇಜಿನ ತೆರೆದ ಶೆಡ್ಡು ನೋಡು ಅಂದೆ. ಒಬ್ಬನೇ ಮಾಡಬೇಡ. ಕ್ಯಾನನ್ನು ಕಾರಿನೊಳಗೆ ಗಾಜು ಏರಿಸಿ ತರಬೇಡ, ಲಿಫ್ಟಿನಲ್ಲಿ ಅದರ ಜೊತೆ ನಿಲ್ಲಬೇಡ. ಜೇಬಿಗೆ ಸಿಕ್ಕಿಸಿಕೊಳ್ಳುವ ಆಕ್ಸಿಜನ್ ಮೀಟರಿಗೆ ದುಡ್ಡು ನಾನೇ ಕೊಡುತ್ತೇನೆ ಅಂದೆ.

ಕಾಲೇಜಿನ ವರ್ಕ್‌ಶಾಪ್ ಹಿಂದಿನ ಶೆಡ್ಡಿಗೆ ಅನುಮತಿ ಸಿಕ್ಕಿದೆಯಂತೆ, ನಿನ್ನೆ ಹೇಳಿದ. ಮೀಟರ್ ಇನ್ನೂ ಬಂದಿಲ್ಲ. ಅದು ಬರುವವರೆಗೆ ಕ್ಯಾನ್ ತುಂಬಿಸಬೇಡ ಅಂದಿದ್ದೇನೆ. "ಆಯ್ತು ಮಾವ, ನೀವೂ ಬನ್ನಿ" ಅಂದಿದ್ದಾನೆ. ಹೋಗುತ್ತಿದ್ದೇನೆ.